ಅಣ್ಣ ಬದುಕಿದ್ದಾನೆಂದು ನಾನು ಹೇಳಲಿಲ್ಲ

ಅಣ್ಣ ಸತ್ತನೆಂಬ ಸುದ್ದಿ ತವರಿಗೆ ಬಂದಾಗ ಹಿಂಗಾರಿ ಜೋಳದ ಬಿತ್ತನೆ ಆಗಷ್ಟೇ ಮುಗಿದಿತ್ತು. ನನಗೆ ಹದಿನೆಂಟು ವರ್ಷ. ಶಹಾಪುರದ ಹತ್ತಿರದ ಸಗರಕ್ಕೆ ನನ್ನನ್ನು ಕೊಟ್ಟು ಒಂದು ವರ್ಷವಾಗಿತ್ತು. ಗಂಡ ಅಲ್ಲಿನ ಶಾಲೆಯ ಮಾಸ್ತರರು. ಹಗಲೆಲ್ಲ ಮಕ್ಕಳಿಗೆ ಉರ್ದು ಕಲಿಸಿ, ಸಂಜೆ ಮನೆಗೆ ಬಂದು ನನ್ನಿಂದ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ತವರು ಇದ್ದದ್ದು ಸುರಪುರದ ದಾರಿಯಲ್ಲಿ, ಎತ್ತಿನ ಗಾಡಿಯಲ್ಲಿ ಅರ್ಧ ದಿನದ ಹಾದಿ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ನಮಗೆ ಬಂದಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಎಲ್ಲ ಇನ್ನೂ ಹೈದರಾಬಾದ್ ಸಂಸ್ಥಾನದೊಳಗೇ ಇದ್ದವು. ಗಡಿಯ ಆಚೆ, ಬಿಜಾಪುರದ ಸೀಮೆಯಲ್ಲಿ ಬಾವುಟ ಏರಿಸಿದರಂತೆ, ಪೇಢೆ ಹಂಚಿದರಂತೆ ಎಂದು ಸಂತೆಗೆ ಬಂದವರು ದನಿ ತಗ್ಗಿಸಿ ಹೇಳುತ್ತಿದ್ದರು. ನಮ್ಮ ಕಡೆ ಸಂಸ್ಥಾನದ ಪರವಾದ ಖಾಕಿ ಅಂಗಿಯ ದಳದವರು ಊರೂರು ತಿರುಗುತ್ತಿದ್ದರು. ಬಾವುಟದ ಮಾತಾಡಿದವರ ಬಣವೆಗಳು ಉರಿದುಹೋಗುತ್ತಿದ್ದವು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ನನಗೆ ಅಪ್ಪನೂ ಅವನೇ. ದೊಡ್ಡ ಯುದ್ಧ ನಡೆದಾಗ ಫೌಜಿಗೆ ಸೇರಿ, ಎಲ್ಲೆಲ್ಲೋ ಇದ್ದು, ಮೈಮೇಲೆ ಒಂದು ಗೀರೂ ಇಲ್ಲದೆ ತಿರುಗಿ ಬಂದಿದ್ದ. ಬಂದವನೇ ಮದುವೆಯಾದ, ವೈನಿ ಮನೆಗೆ ಬಂದಳು. ಹೊಲ, ನಲವತ್ತು ಕುರಿ, ಅವ್ವ, ಹೆಂಡತಿ, ಇಷ್ಟು ಸಾಕು, ಇನ್ನೆಲ್ಲೂ ಹೋಗುವುದಿಲ್ಲ ಎಂದಿದ್ದ. ಆದರೆ ಪಕ್ಕದ ಊರಲ್ಲಿ ಅವನ ಗೆಳೆಯನನ್ನು ಕಣದಲ್ಲೇ ಗುಂಡಿಟ್ಟು ಕೊಂದರು. ಆ ಹೆಣ ಹೊತ್ತು ಬಂದ ಮೇಲೆ ಅಣ್ಣ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಬೆಳಿಗ್ಗೆ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಗಡಿ ದಾಟಿ ಹೋದ. ಅಲ್ಲಿ ಹೋರಾಟಗಾರರ ಶಿಬಿರವಿತ್ತು. ಉಮೇದು ಇದ್ದವರು ಬಹಳ, ಬಂದೂಕು ಹಿಡಿದು ಗೊತ್ತಿದ್ದವರು ಕಡಿಮೆ. ಅಣ್ಣ ಅವರಿಗೆ ಗುರಿ ಇಡುವುದನ್ನು ಕಲಿಸುತ್ತಿದ್ದ.

ವೈನಿಗೆ ಎಂಟು ದಿನ ಎಂದು ಹೇಳಿ ಹೋದವನು ಬರಲಿಲ್ಲ. ಎರಡು ತಿಂಗಳಾದ ಮೇಲೆ ಶಿಬಿರದ ಜೊತೆಗಾರನೊಬ್ಬ ಬಂದ. ನಾನು ಅವತ್ತು ತವರಲ್ಲೇ ಇದ್ದೆ. ಅವನು ಅಣ್ಣನ ರುಮಾಲನ್ನು ಅವ್ವನ ಮುಂದೆ ಇಟ್ಟು, ಗೋಡೆ ನೋಡುತ್ತಲೇ ನಡೆದದ್ದನ್ನು ಹೇಳಿದ. ಗಡಿಯ ಮೇಲಿನ ಸುಂಕದ ನಾಕೆಯನ್ನು ಇವರು ಸುಟ್ಟು ಬಂದಿದ್ದರು. ಬೆಳಗಿನ ಜಾವ ಹರಗೋಲಿನಲ್ಲಿ ಕೃಷ್ಣೆ ದಾಟುವಾಗ ದಡದಿಂದ ಗುಂಡು ಹಾರಿದವು. ಅಣ್ಣ ಎದ್ದು ನಿಂತು ತಿರುಗಿ ಹೊಡೆಯುತ್ತಿದ್ದ. ಅವನ ಮುಖಕ್ಕೇ ಗುಂಡು ಬಿತ್ತು, ನೀರಿಗೆ ಉರುಳಿದ. ಹೊಳೆ ಇನ್ನೂ ತುಂಬಿಯೇ ಇತ್ತು, ಅವನು ಒಮ್ಮೆಯೂ ಮೇಲೆ ಬರಲಿಲ್ಲ.

ಹೆಣವೆಲ್ಲಿ ಎಂದು ಅವ್ವ ಕೇಳಿದಳು.

"ಹೊಳಿ ಕೊಡಲಿಲ್ಲ, ಯವ್ವಾ," ಎಂದ.

ವೈನಿ ನನಗಿಂತ ಒಂದೇ ವರ್ಷ ದೊಡ್ಡವಳು. ನನ್ನ ಮದುವೆಗೆ ಮುಂಚೆ ಒಂದು ವರ್ಷ ಇಬ್ಬರೂ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು ಬೀಸಿದವರು, ಒಂದೇ ಕೌದಿಯಲ್ಲಿ ಮಲಗಿದವರು. ನನ್ನನ್ನು ಕಳಿಸುವಾಗ ಅವ್ವನಿಗಿಂತ ಹೆಚ್ಚು ಅತ್ತವಳು ಅವಳು. ಆದರೆ ಅವತ್ತು ಅವಳು ಅಳಲಿಲ್ಲ. ಹೆಣ ಕಾಣದೆ ಕುಂಕುಮ ಅಳಿಸುವುದಿಲ್ಲ ಎಂದು ಮೂರು ದಿನ ಹಟ ಹಿಡಿದಳು. ಮೂರನೆಯ ದಿನ ಓಣಿಯ ಹಿರಿಯ ಹೆಂಗಸರು ಬಂದು ಅವಳ ಕೈ ಹಿಡಿದು ಬಳೆ ಒಡೆದರು. ಆಮೇಲೆ ಅತ್ತಳು. ಅವಳ ಒಂದು ಕೈಯನ್ನು ನಾನೇ ಹಿಡಿದಿದ್ದೆ.

ಒಂದು ವಾರಕ್ಕೆ ದಳದವರು ಮನೆಗೆ ಬಂದರು. ಜೋಳದ ಹಗೇವು ತೆಗೆಸಿ ಕಾಳೆಲ್ಲ ಅಂಗಳಕ್ಕೆ ಚೆಲ್ಲಿಸಿದರು. ಮಗ ಎಲ್ಲಿ ಎಂದು ಕೇಳಿದಾಗ ಅವ್ವ ವೈನಿಯನ್ನು ಎಳೆದು ತಂದು ಮುಂದೆ ನಿಲ್ಲಿಸಿದಳಂತೆ. ಬರಿಗೈ, ಬರಿ ಹಣೆ. ಅದನ್ನು ನೋಡಿ ಅವರು ಹಿಂತಿರುಗಿದರು. ಆ ಚಳಿಗಾಲದಲ್ಲಿ ಮತ್ತೆ ಎರಡು ಸಲ ಬಂದರು, ಎರಡು ಸಲವೂ ಅವಳ ಹಣೆ ನೋಡಿಕೊಂಡು ಹೋದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಗರದ ನಮ್ಮ ಮನೆ ಬಾಗಿಲಿಗೆ ಕುರಿಗಾರರ ಮುದುಕಿಯೊಬ್ಬಳು ಕಂಬಳಿ ಮಾರಲು ಬಂದಳು. ಗಂಡ ಶಾಲೆಗೆ ಹೋಗಿದ್ದರು. ಕಂಬಳಿ ಬೇಡ ಎಂದರೂ ಅವಳು ಏಳಲಿಲ್ಲ. ನೀರು ಕೇಳಿ ಕುಡಿದಳು. ನನ್ನ ತವರು ಯಾವುದು ಎಂದು ಕೇಳಿ ತಿಳಿದುಕೊಂಡಳು. ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, "ನಿಮ್ಮಣ್ಣ ಅದಾನ," ಎಂದಳು.

ನಾನು ನಂಬಲಿಲ್ಲ. ದಳದವರು ಬಾಯಿ ಬಿಡಿಸಲು ಕಳಿಸಿದ ಹೆಂಗಸಿರಬೇಕೆಂದು ಹೆದರಿ, ಎದ್ದು ಹೋಗು ಎಂದೆ. ಅವಳು ಕೂತಲ್ಲಿಂದಲೇ ಅಣ್ಣ ಹೇಳಿಕಳಿಸಿದ ಮಾತನ್ನು ಹೇಳಿದಳು.

"ಹುಣಸಿ ಗಿಡದ ಮ್ಯಾಲಿಂದ ಬಿದ್ದಾಗ, ಅವ್ವಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದಿ. ಇವತ್ತಿನ ತನಕ ನಾ ಹೇಳಿಲ್ಲ. ಈಗ ನೀನೂ ಹೇಳಬ್ಯಾಡ."

ಅದು ಅವನಿಗೂ ನನಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲದ್ದು. ಹೊಸ್ತಿಲ ಮೇಲೆ ಕೂತುಬಿಟ್ಟೆ.

ಮುದುಕಿ ಎಲ್ಲವನ್ನೂ ಹೇಳಿದಳು. ಹೊಳೆದಂಡೆಯ ತಿಂಥಣಿಯ ಕೆಳಗಿನ ಉಸುಕಿನಲ್ಲಿ ಅವರ ಕುರಿಗಳು ನೀರು ಕುಡಿಯಲು ಇಳಿದಿದ್ದವಂತೆ. ದಡದಲ್ಲಿ ಬೇವಿನ ಬೊಡ್ಡೆಯೊಂದಕ್ಕೆ ಸಿಕ್ಕಿಕೊಂಡು ಹೆಣವೊಂದು ಬಿದ್ದಿತ್ತು. ಕುರಿ ಕುಡಿಯುವ ನೀರು ಕೆಡಬಾರದೆಂದು ಅವಳು ಕೋಲಿನಿಂದ ಅದನ್ನು ಹರಿವಿಗೆ ನೂಕಲು ಹೋದಳು. ಹೆಣದ ಬೆರಳುಗಳು ಕೋಲನ್ನು ಹಿಡಿದುಕೊಂಡವು.

ಗುಂಡು ಎಡಗೆನ್ನೆಯಲ್ಲಿ ಹೊಕ್ಕು ದವಡೆ ಮುರಿದು ಕಿವಿಯ ಕೆಳಗೆ ಹೊರಬಿದ್ದಿತ್ತು. ಮುದುಕಿ ಮತ್ತು ಅವಳ ಗಂಡ ಅಣ್ಣನನ್ನು ಕಂಬಳಿಯಲ್ಲಿ ಹಾಕಿ ಹಟ್ಟಿಗೆ ಹೊತ್ತೊಯ್ದರು. ನಾಲ್ಕನೆಯ ದಿನಕ್ಕೆ ಗಾಯದಲ್ಲಿ ಹುಳು ಬಿದ್ದವು. ಕುರಿಗೆ ಹುಳು ಬಿದ್ದರೆ ಮಾಡುವಂತೆ ಸೀತಾಫಲದ ಎಲೆ ಅರೆದು ರಸ ಹಿಂಡಿದರು. ಬಾಯಿ ತೆರೆಯಲು ಬರುತ್ತಿರಲಿಲ್ಲ. ಹಲ್ಲು ಹೋದ ಸಂದಿಯಲ್ಲಿ ಎಲೆ ಸುತ್ತಿ ಇಟ್ಟು ಕುರಿಯ ಹಾಲನ್ನು ಹನಿಹನಿಯಾಗಿ ಬಿಟ್ಟರು. ಇಪ್ಪತ್ತು ದಿನ ಅವನಿಗೆ ಎಚ್ಚರವಿರಲಿಲ್ಲ. ಇವತ್ತು ಹೋಗುತ್ತಾನೆ, ನಾಳೆ ಹೋಗುತ್ತಾನೆ ಎಂದುಕೊಂಡೇ ಹಾಲು ಬಿಡುತ್ತಿದ್ದೆವು ಎಂದಳು.

ದಳದವರು ಹಟ್ಟಿಗೂ ಬಂದಿದ್ದರು. ಮೊದಲ ಸಲ ಅಣ್ಣನನ್ನು ದೊಡ್ಡಿಯಲ್ಲಿ ಮಲಗಿದ ಕುರಿಗಳ ನಡುವೆ ಮಲಗಿಸಿ, ಕಂಬಳಿ ಹೊದಿಸಿ, ಮೇಲೆ ಮರಿಗಳನ್ನು ಬಿಟ್ಟಿದ್ದರು. ದಳದವರ ಕಣ್ಣಿಗೆ ಅವನು ಬೀಳಲಿಲ್ಲ. ಎರಡನೆಯ ಸಲ ಯಾರೋ ಸುಳಿವು ಕೊಟ್ಟಿದ್ದರು, ಆದರೆ ಅಷ್ಟರಲ್ಲಿ ಅಣ್ಣನನ್ನು ಹೊಳೆಯ ಜೊಂಡಿನೊಳಗೆ ಅಡಗಿಸಿದ್ದರು. ಅವಳ ಮುದುಕ ಗಂಡನನ್ನು ಜಾಲಿ ಗಿಡಕ್ಕೆ ಕಟ್ಟಿ ಹೊಡೆದರು. ಅವನು ಹೇಳಲಿಲ್ಲ.

"ಆಮ್ಯಾಲ ಎಂಟು ದಿನ ಇದ್ದ. ರಕ್ತಾ ಕಾರಿ ಹೋದ," ಎಂದಳು. "ನೀ ಒಬ್ಬರ ಮುಂದ ಅಂದ್ರ ನಮ್ಮ ಹಟ್ಟಿ ಉಳಿಯಂಗಿಲ್ಲ, ಮಗಳ. ಮನ್ಯಾಗ ಇನ್ನೂ ಏಳು ಮಂದಿ ಅದೀವಿ."

ಹೇಳುವುದಿಲ್ಲ ಎಂದು ಅವಳ ಕಾಲು ಮುಟ್ಟಿ ಆಣೆ ಮಾಡಿದೆ. ವೈನಿಗಾದರೂ ಹೇಳಬಹುದೇ ಎಂದು ಕೇಳಿದೆ. ಆಕೆಗೆ ತಿಳಿದರೆ ಮುಖ ಬದಲಾಗುತ್ತದೆ, ಮುಖ ಬದಲಾದರೆ ಊರಿಗೆ ತಿಳಿಯುತ್ತದೆ, ಅದನ್ನೂ ನಿಮ್ಮಣ್ಣನೇ ಹೇಳಿ ಕಳಿಸಿದ್ದಾನೆ ಎಂದಳು. ಅವಳು ಹೋದ ಮೇಲೆ ಒಲೆಯ ಮುಂದೆ ಕೂತು ನಕ್ಕೆ, ಅತ್ತೆ. ಗಂಡ ಬಂದಾಗ ಹೊಗೆ ಕಣ್ಣಿಗೆ ಹೋಯಿತು ಎಂದೆ. ಅವರಿಗೂ ಹೇಳಲಿಲ್ಲ. ಸರ್ಕಾರದ ಸಂಬಳ ತಿನ್ನುವವರಿಗೆ ಗೊತ್ತಿಲ್ಲದಿರುವುದೇ ಒಳ್ಳೆಯದು ಅನ್ನಿಸಿತು.

ಮುಂದಿನ ಸಲ ತವರಿಗೆ ಹೋದಾಗ ವೈನಿ ಬಾವಿಯ ದಂಡೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು. ಸೊರಗಿದ್ದಳು. ಪಕ್ಕದಲ್ಲಿ ಕೂತು ನಾನೂ ಒಂದು ಸೀರೆ ಹಿಂಡತೊಡಗಿದೆ. ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ.

"ಹೆಣಾ ಸಿಕ್ಕಿಲ್ಲ. ನನ್ನ ಮನಸು ಒಪ್ಪವಲ್ದು. ನಿನಗೇನರ ಗೊತ್ತದೇನು?" ಎಂದಳು.

"ಇಲ್ಲ ವೈನಿ," ಎಂದೆ.

"ನನ್ನ ಕಣ್ಣಾಗ ನೋಡಿ ಹೇಳು."

ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎಂದೆ. ಜಾಲಿ ಗಿಡಕ್ಕೆ ಕಟ್ಟಿದ ಆ ಮುದುಕನನ್ನು ನೆನೆಸಿಕೊಂಡು ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಬಟ್ಟೆ ಒಗೆಯತೊಡಗಿದಳು. ಅವತ್ತಿನಿಂದ ಅವಳು ದಾರಿ ನೋಡುವುದನ್ನು ಬಿಟ್ಟಳೆಂದು ಅವ್ವ ಆಮೇಲೆ ಹೇಳಿದಳು.

ಯುಗಾದಿಗೆ ಮುಂಚೆ ವೈನಿಯ ಅಪ್ಪ ಬಂದ. ದಿನಗಳು ಕೆಟ್ಟಿವೆ, ಗಂಡು ದಿಕ್ಕಿಲ್ಲದ ಮನೆಯಲ್ಲಿ ಹರೆಯದ ಹುಡುಗಿಯನ್ನು ಬಿಡಲಾರೆ ಎಂದ. ವಡಗೇರಾದ ಕಡೆ ಹೆಂಡತಿ ಸತ್ತ ಒಬ್ಬ ರೈತನಿದ್ದ, ಎರಡು ಚಿಕ್ಕ ಹೆಣ್ಣುಮಕ್ಕಳು. ಅವನಿಗೆ ಉಡಿಕಿ ಮಾಡಿಕೊಡಲು ಮಾತಾಗಿತ್ತು. ವಿಧವೆಗೆ ಮರುಮದುವೆ ನಮ್ಮವರಲ್ಲಿ ಇದ್ದದ್ದೇ. ವರ್ಷ ತುಂಬಲಿ ಎಂದಳು ಅವ್ವ. ವರ್ಷ ತುಂಬುವ ತನಕ ಊರು ಉಳಿಯುತ್ತದೋ ಇಲ್ಲವೋ ಎಂದ ಆತ. ಅದು ಸುಳ್ಳಲ್ಲ. ಅವ್ವ ಒಪ್ಪಿದಳು.

ಸುದ್ದಿ ಸಗರಕ್ಕೆ ಬಂದಾಗ ನಾನು ತಡೆಯದಾದೆ. ತಿಂಥಣಿಯ ಮೌನೇಶ್ವರನಿಗೆ ಹರಕೆ ಇದೆ ಎಂದು ಅತ್ತೆಗೆ ಹೇಳಿ, ಅತ್ತ ಹೊರಟಿದ್ದ ಗಾಡಿ ಹತ್ತಿದೆ. ಗುಡಿಗೆ ಕೈಮುಗಿದು ನೇರ ಹೊಳೆಗೆ ಇಳಿದೆ. ಹಟ್ಟಿ ಇದ್ದ ಜಾಗದಲ್ಲಿ ಹಿಕ್ಕೆ ಇತ್ತು, ಒಲೆಯ ಮೂರು ಕಲ್ಲಿದ್ದವು. ಕುರಿಗಾರರು ಮೇವು ಹುಡುಕಿ ಹೊಳೆ ದಾಟಿ ತೆಲುಗು ಸೀಮೆಯ ಕಡೆ ಹೋಗಿ ತಿಂಗಳಾಯಿತೆಂದು ಅಂಬಿಗ ಹೇಳಿದ. ಎಲ್ಲಿ ಎಂದರೆ ಅವನಿಗೂ ಗೊತ್ತಿಲ್ಲ. ಇಡೀ ದಿನ ಉಸುಕಿನಲ್ಲಿ ಕೂತಿದ್ದೆ. ಅಣ್ಣನನ್ನು ಕೇಳಿದ್ದರೆ ಹೇಳು ಎನ್ನುತ್ತಿದ್ದನೋ ಬೇಡ ಎನ್ನುತ್ತಿದ್ದನೋ ಎಂದು ಯೋಚಿಸಿದೆ. ಇವತ್ತೂ ಯೋಚಿಸುತ್ತೇನೆ. ಅವ್ವನ ಕಿವಿಯಲ್ಲೊಂದು ಮಾತು ಹಾಕಿದ್ದರೆ ಅವಳು ಏನಾದರೂ ನೆವ ಮಾಡಿ ಮದುವೆ ಮುಂದೂಡುತ್ತಿದ್ದಳು. ಆದರೆ ಅವ್ವ ದಳದವರ ಮುಂದೆ ಮತ್ತೊಮ್ಮೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದಳೇ? ಆ ಏಳು ಮಂದಿ?

ಹೇಳಲಿಲ್ಲ. ಉಡಿಕಿಗೆ ಹೋಗಲೂ ಇಲ್ಲ, ಜ್ವರವೆಂದು ಹೇಳಿಕಳಿಸಿದೆ. ವೈನಿ ಹೋಗುವಾಗ ತನ್ನ ಪಾಲಿನ ಎರಡು ಕುರಿಗಳನ್ನು ಅವ್ವನಿಗೇ ಬಿಟ್ಟು ಹೋದಳಂತೆ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಭಾರತದ ಫೌಜು ಒಳಗೆ ಬಂತು. ಯಾದಗಿರಿಯ ಸ್ಟೇಷನ್ನಿನಲ್ಲಿ ಬಾವುಟ ಏರಿತಂತೆ. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಸಗರದಲ್ಲಿ ಜನ ಗುಲಾಲು ಎರಚಿದರು. ನನ್ನ ಗಂಡ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಬೆಲ್ಲ ಹಂಚಿದರು. ನಾನು ಬಾಗಿಲಲ್ಲಿ ನಿಂತು ಸುರಪುರದ ದಾರಿ ನೋಡುತ್ತಿದ್ದೆ.

ಅವನು ಬಂದದ್ದು ಇಪ್ಪತ್ತು ದಿನಗಳ ಮೇಲೆ, ಉರಿ ಬಿಸಿಲಲ್ಲಿ, ನಡೆದುಕೊಂಡು. ಮೊದಲು ಗುರುತೇ ಸಿಗಲಿಲ್ಲ. ಮುಖದ ಎಡಭಾಗ ಒಳಗೆ ಕುಸಿದಿತ್ತು, ಬಾಯಿ ಕಿವಿಯ ಕಡೆಗೆ ಎಳೆದಿತ್ತು. ಮಾತಾಡಿದರೆ ಅರ್ಧ ಗಾಳಿಯೇ ಬರುತ್ತಿತ್ತು. ನನ್ನ ತಲೆ ಮೇಲೆ ಕೈ ಇಟ್ಟು, "ತಂಗಿ," ಎಂದ. ಒಳಗೆ ಕರೆದು ಅಂಬಲಿ ಕೊಟ್ಟೆ. ಹೆಗಲ ಮೇಲಿನ ವಲ್ಲಿಯಿಂದ ಗದ್ದ ಒರೆಸಿಕೊಳ್ಳುತ್ತ ಕುಡಿದ. ಅವ್ವ ಹೇಗಿದ್ದಾಳೆ ಎಂದು ಕೇಳಿದ. ಇದ್ದಾಳೆ ಎಂದೆ. ಆಮೇಲೆ, "ಆಕಿ?" ಎಂದ.

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವನು ಬಟ್ಟಲನ್ನು ಕೆಳಗಿಟ್ಟದ್ದು ನೆನಪಿದೆ.

"ಯಾವಾಗ?"

"ಯುಗಾದಿ ಆದ ಮ್ಯಾಲ."

ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಕೊನೆಗೆ, "ನೀ ಆಣಿ ಉಳಿಸ್ಕೊಂಡಿ," ಎಂದ. ಹಂಗಿಸುವ ದನಿಯಲ್ಲ. ನಿಜವಾಗಿಯೂ ನನ್ನನ್ನು ಮೆಚ್ಚಿಯೇ ಹೇಳಿದ. ಆ ಮಾತು ನನ್ನ ಎದೆಯಲ್ಲಿ ಇನ್ನೂ ಹಾಗೇ ಕೂತಿದೆ.

ಅವ್ವ ಮಗನ ದವಡೆಯನ್ನು ಎರಡೂ ಕೈಯಿಂದ ಸವರಿ ಸವರಿ ಅತ್ತಳು. ಆಮೇಲೆ, ನನಗೆ ಎಂಟು ತಿಂಗಳು ಮೊದಲೇ ಗೊತ್ತಿತ್ತೆಂದು ತಿಳಿದಾಗ ಅವಳ ಅಳು ನಿಂತುಹೋಯಿತು. ಮುಂದೆ ಎರಡು ವರ್ಷ ನಾನು ತವರಿಗೆ ಹೋದರೆ ಉಣ್ಣಲು ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ವೈನಿ ಒಂದೇ ಸಲ ಬಂದಳು, ದಸರೆಯ ಹೊತ್ತಿಗೆ. ಅವಳ ಹೊಸ ಗಂಡನೇ ಗಾಡಿ ಕಟ್ಟಿಕೊಂಡು ಕರೆತಂದಿದ್ದ. ಅವಳಿಗೆ ಐದು ತಿಂಗಳಾಗಿತ್ತು. ಅಣ್ಣ ಕಟ್ಟೆಯ ಮೇಲೆ ಕೂತಿದ್ದವನು ವಲ್ಲಿಯನ್ನು ಎಳೆದು ಅರ್ಧ ಮುಖ ಮುಚ್ಚಿಕೊಂಡ. ಅವಳು ಅಂಗಳದ ನಡುವೆ ನಿಂತುಬಿಟ್ಟಳು. ಮುಂದೆ ಬರಲಿಲ್ಲ, ಹಿಂದೆ ಸರಿಯಲಿಲ್ಲ. ಆ ಮನುಷ್ಯ ಕೈಜೋಡಿಸಿದ.

"ಅಣ್ಣಾರ, ನನಗ ಗೊತ್ತಿದ್ದಿಲ್ರಿ. ನೀವು ಹ್ಞೂ ಅಂದ್ರ ಇಲ್ಲೇ ಬಿಟ್ಟು ಹೋಗ್ತೀನ್ರಿ," ಎಂದ.

ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯನಾದದ್ದರಿಂದಲೇ ಯಾರಿಗೂ ಅವನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ. ಅಣ್ಣ ವೈನಿಯ ಕಡೆ ನೋಡಿದ. ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು.

"ಆ ಎರಡು ಹುಡುಗ್ಯಾರು ಯಾರ ಕಡಿ ಅದಾವ?" ಎಂದು ಅಣ್ಣ ಅವಳನ್ನೇ ಕೇಳಿದ.

"ಮಗ್ಗಲ ಮನ್ಯಾಗ ಬಿಟ್ಟು ಬಂದೀನಿ," ಎಂದಳು. "ಸಣ್ಣಾಕಿ ನಾ ಇಲ್ಲಂದ್ರ ಉಣ್ಣಂಗಿಲ್ಲ."

ಗಂಡಹೆಂಡಿರಾಗಿದ್ದವರು ಅವತ್ತು ಆಡಿದ ಮಾತು ಇಷ್ಟೇ. ಅಣ್ಣ ಆ ಮನುಷ್ಯನಿಗೆ, "ಹೊತ್ತು ಮುಳಗೂದ್ರಾಗ ಮುಟ್ಟಬೇಕು. ಕರಕೊಂಡು ಹೋಗ್ರಿ," ಎಂದ.

ಹೊರಡುವ ಮುಂಚೆ ಅವಳು ನೀರು ಕುಡಿಯಲು ಒಳಗೆ ಬಂದಳು. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಚೊಂಬು ಕೈಗೆ ತೆಗೆದುಕೊಂಡು, "ಬಾವಿ ದಂಡಿಮ್ಯಾಲ ನಾ ಕೇಳಿದಾಗ ನಿನಗ ಗೊತ್ತಿತ್ತು?" ಎಂದಳು.

"ಗೊತ್ತಿತ್ತು."

ಅವಳು ನೀರು ಕುಡಿಯಲಿಲ್ಲ. ಚೊಂಬನ್ನು ಇದ್ದ ಜಾಗಕ್ಕೇ ಇಟ್ಟು ಹೊರಗೆ ಹೋದಳು. ಅವಳ ಕಾಲಿಗೆ ಬಿದ್ದು ಕುರಿಗಾರ ಮುದುಕನ ಕಥೆ ಹೇಳಬೇಕಿತ್ತು. ನಾನು ಚೊಂಬು ನೋಡುತ್ತ ನಿಂತಿದ್ದೆ. ಗಾಡಿಯ ಸದ್ದು ಓಣಿ ದಾಟಿತು.

ಅಣ್ಣ ಮತ್ತೆ ಮದುವೆಯಾಗಲಿಲ್ಲ. ಹೊಲ ಮಾಡಿದ. ಅವ್ವ ಬದುಕಿರುವ ತನಕ ಅವನಿಗೆ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಕೊಡುತ್ತಿದ್ದಳು. ವರ್ಷಕ್ಕೊಮ್ಮೆ ಕುರಿಗಾರ ಮುದುಕಿ ಬಂದರೆ ಅವನ ಮುಖಕ್ಕೆ ಕಳೆ ಬರುತ್ತಿತ್ತು. ಅವಳಿಗೆ ಮಾತ್ರ ಅವನ ಮಾತು ಪೂರ್ತಿ ತಿಳಿಯುತ್ತಿತ್ತು.

ಬಿಡುಗಡೆಯಾಗಿ ಒಂದು ವರ್ಷ ತುಂಬಿದಾಗ ಸುರಪುರದಲ್ಲಿ ಸಭೆ ಮಾಡಿದರು. ಅಣ್ಣನನ್ನು ನಾವೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆವು. ಜನರ ನಡುವೆ ನೆಲದ ಮೇಲೆ ಕೂತಿದ್ದೆವು. ವೇದಿಕೆಯ ಮೇಲಿದ್ದವರು ಹೋರಾಟದಲ್ಲಿ ಪ್ರಾಣ ಕೊಟ್ಟವರ ಹೆಸರು ಓದತೊಡಗಿದರು. ನಾಲ್ಕನೆಯದೋ ಐದನೆಯದೋ ಅಣ್ಣನ ಹೆಸರು, ಅಪ್ಪನ ಹೆಸರು, ನಮ್ಮ ಊರು. ನನ್ನ ಗಂಡ ಎದ್ದು ಹೇಳಲು ಹೋದರು. ಅಣ್ಣ ಅವರ ಕೈ ಹಿಡಿದು ಕೂರಿಸಿದ.

"ಇರ್ಲಿ ಬಿಡ್ರಿ ಮಾಸ್ತರ. ಆ ಮುದುಕನ ಹೆಸರು ಅದರಾಗಿಲ್ಲ. ಅವನ ಬದ್ಲಿ ನಂದು ಇರ್ಲಿ."

ಎಲ್ಲರೂ ಎದ್ದು ಮೌನವಾಗಿ ನಿಂತಾಗ ಅವನೂ ಎದ್ದು ತಲೆ ತಗ್ಗಿಸಿದ. ಆ ಪಟ್ಟಿಯನ್ನು ತಿದ್ದಿಸಲು ಅವನು ಯಾವ ಕಚೇರಿಗೂ ಹೋಗಲಿಲ್ಲ.

ಅವನು ತೀರಿಕೊಂಡದ್ದು ನನ್ನ ಮಕ್ಕಳೆಲ್ಲ ದೊಡ್ಡವರಾದ ಮೇಲೆ, ಒಂದು ಬೇಸಿಗೆಯಲ್ಲಿ. ವಡಗೇರಾಕ್ಕೆ ಹೇಳಿಕಳಿಸಿದೆ. ಯಾರೂ ಬರಲಿಲ್ಲ.

ಅದಾಗಿ ಎರಡು ಮೂರು ವರ್ಷಕ್ಕೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ನನ್ನ ಪಕ್ಕದಲ್ಲಿ ಬಂದು ಕೂತಳು. ಕೈಯಲ್ಲಿ ಔಷಧಿಯ ಚೀಲ. ನಾನು ತಿರುಗಿ ನೋಡುವ ಮುಂಚೆಯೇ ಅವಳು ನನ್ನನ್ನು ಗುರುತಿಸಿದ್ದಳು. ವೈನಿ. ಮೊಣಕಾಲು ನೋವಿನ ಮಾತಾಡಿದೆವು. ಮಗ ಯಾದಗಿರಿಯಲ್ಲಿ ಅಂಗಡಿ ಇಟ್ಟಿದ್ದಾನೆ, ಆ ಎರಡು ಹುಡುಗಿಯರಿಗೂ ಮೊಮ್ಮಕ್ಕಳಾಗಿದ್ದಾರೆ ಎಂದಳು. ಗಂಡ ಹೋಗಿ ಬಹಳ ದಿನವಾಯಿತೆಂದಳು. ಕ್ಷಮಿಸು ಎನ್ನಲು ನಾನು ನಾಲ್ಕು ಸಲ ಬಾಯಿ ತೆರೆದೆ. ಅಷ್ಟು ವರ್ಷವಾದ ಮೇಲೆ ಆ ಮಾತು ಯಾವ ಕಡೆಯಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

ಅವಳ ಬಸ್ಸು ಬಂದು ನಿಂತಿತು. ಜನ ನುಗ್ಗುತ್ತಿದ್ದರು. ಅವಳು ಎದ್ದು ಚೀಲ ತೆಗೆದುಕೊಂಡು, ನನ್ನ ಕಡೆ ನೋಡದೆ, "ಕಡೀಕ ಅವರ ಹತ್ತಿರ ಯಾರಿದ್ರು?" ಎಂದು ಕೇಳಿದಳು.

"ನಾ ಇದ್ದೆ ವೈನಿ," ಎಂದೆ.

"ಛಲೋ ಆತು," ಎಂದಳು. ಕಂಡಕ್ಟರ್ ಅವಳ ಕೈ ಹಿಡಿದು ಮೇಲೆ ಹತ್ತಿಸಿಕೊಂಡ. ಕಿಟಕಿಯ ಸೀಟು ಸಿಗಲಿಲ್ಲ. ನಿಂತವರ ನಡುವೆ ಅವಳ ಸೆರಗು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಬಸ್ಸು ತಿರುಗಿತು.